ಹಾಸನ ಏರ್‌ಪೋರ್ಟ್: ರನ್‌ವೇ ಮುಗಿದ ಮೇಲೆ, ನಾಲ್ಕನೇ ವರ್ಷಕ್ಕೆ ವಿಮಾನ ಉಳಿಸಿಕೊಳ್ಳೋದು ಹೇಗೆ?

ಹೇಮಾವತಿ_ದಂಡೆ
ಬೂವನಹಳ್ಳಿಯಲ್ಲಿ ನಡೀತಿರೋ ಹಾಸನ ಏರ್‌ಪೋರ್ಟ್ ಕಾಮಗಾರಿಯ ಫೋಟೋ, ಡ್ರೋನ್ ವಿಡಿಯೋ ಎಲ್ಲ ಗುಂಪುಗಳಲ್ಲೂ ಓಡಾಡ್ತಿವೆ. "ಮೊದಲ ವಿಮಾನ ಯಾವಾಗ" ಅನ್ನೋ ಚರ್ಚೆ ಬೇಕಾದಷ್ಟಾಗಿದೆ. ಇಲ್ಲಿ ಅದು ಬೇಡ. ಸರ್ಕಾರದ ದುಡ್ಡು ಎಲ್ಲಿಗೆ ಹೋಗಬೇಕು, ಯಾವುದಕ್ಕೆ ಹೋದರೆ ಜಿಲ್ಲೆಗೆ ಆದಾಯ ಬರುತ್ತೆ, ಯಾವುದಕ್ಕೆ ಹೋದರೆ ಖಾಲಿ ಟರ್ಮಿನಲ್ ಉಳಿಯುತ್ತೆ, ಅದನ್ನ ಮಾತಾಡೋಣ.

ಮೊದಲು ಒಂದು ಲೆಕ್ಕ. ಸಣ್ಣ ಊರುಗಳಿಗೆ ವಿಮಾನ ಓಡಿಸಕ್ಕೆ ನೆರವು ಕೊಡೋ ಕೇಂದ್ರದ ಉಡಾನ್ ಯೋಜನೆ ಬಗ್ಗೆ 2023ರಲ್ಲಿ ಸಿಎಜಿ (ಸರ್ಕಾರದ ಲೆಕ್ಕ ಪರಿಶೋಧಕರು) ಕೊಟ್ಟ ವರದಿಯಲ್ಲಿ ಮೂರನೇ ಸುತ್ತಿನವರೆಗೆ ಹಂಚಿದ ಮಾರ್ಗಗಳು 774. ಅದರಲ್ಲಿ ಹಾರಾಟ ಶುರುವಾಗಿದ್ದು 371. ಮೂರು ವರ್ಷದ ನೆರವಿನ ಅವಧಿ ಪೂರ್ತಿ ಮುಗಿಸಿದ್ದು 112. ನೆರವು ನಿಂತ ಮೇಲೂ, 2023ರ ಮಾರ್ಚ್‌ವರೆಗೆ, ಓಡ್ತಾ ಇದ್ದಿದ್ದು 54. ಅಂದ್ರೆ ನೂರಕ್ಕೆ ಏಳು. ನಮ್ಮೂರಿನ ಮಾರ್ಗ ಆ ಏಳರಲ್ಲಿ ಇರಬೇಕು ಅಂದ್ರೆ ಈಗಲೇ ಏನು ಮಾಡಬೇಕು? ಗೊತ್ತಿರೋರು ಲೆಕ್ಕ ಸಮೇತ ಬರೀರಿ.

ರೂಟ್_ಲೆಕ್ಕ
ಒಳ್ಳೆ ಪ್ರಶ್ನೆ ಮೇಡಂ. ನೆರವು ಅಂದ್ರೆ ಒಂದೇ ಗಂಟು ಅಲ್ಲ, ಅದನ್ನ ಬಿಡಿಸಿ ನೋಡಬೇಕು.

ಉಡಾನ್‌ನಲ್ಲಿ ವಿಮಾನ ಕಂಪನಿ ಒಂದು ಮಾರ್ಗಕ್ಕೆ ಬಿಡ್ ಮಾಡುತ್ತೆ. ಸೀಟುಗಳಲ್ಲಿ ಅರ್ಧದಷ್ಟನ್ನ, ಹೆಚ್ಚಂದ್ರೆ 40 ಸೀಟನ್ನ, ಮಿತಿ ದರದಲ್ಲಿ ಮಾರಬೇಕು. 2016ರಲ್ಲಿ ಯೋಜನೆ ಬಂದಾಗ ಒಂದು ಗಂಟೆ ಹಾರಾಟಕ್ಕೆ 2,500 ರೂಪಾಯಿ ಮಿತಿ ಇತ್ತು, ಆಮೇಲೆ ಪರಿಷ್ಕರಣೆ ಆಗ್ತಾ ಬಂದಿದೆ. ಆ ಸೀಟುಗಳಲ್ಲಿ ಬರೋ ನಷ್ಟವನ್ನ ಸರ್ಕಾರ ತುಂಬುತ್ತೆ, ಯಾರು ಕಮ್ಮಿ ಕೇಳ್ತಾರೋ ಅವರಿಗೆ ಮಾರ್ಗ. ಇದಕ್ಕೇ ವಿಜಿಎಫ್ ಅನ್ನೋದು. ನಮ್ಮ ರಾಜ್ಯಕ್ಕೆ ಅನ್ವಯಿಸೋ ಪಾಲು ಕೇಂದ್ರದ್ದು 80, ರಾಜ್ಯದ್ದು 20. ಮೂರು ವರ್ಷ ಮಾತ್ರ.

ಇದರ ಜೊತೆಗೆ ರಾಜ್ಯ ಕೊಡಬೇಕಾದ್ದು ಬೇರೆ ಇದೆ: ವಿಮಾನ ಇಂಧನದ ಮೇಲಿನ ವ್ಯಾಟ್ 10 ವರ್ಷ ಶೇ 1ಕ್ಕೆ ಇಳಿಸೋದು, ಬೇಕಾದ ಜಾಗ, ಭದ್ರತೆ ಮತ್ತು ಅಗ್ನಿಶಾಮಕ ಸೇವೆ ಉಚಿತವಾಗಿ, ನೀರು-ಕರೆಂಟು ರಿಯಾಯಿತಿ ದರದಲ್ಲಿ.

ಉದಾಹರಣೆಗೆ ಒಂದು ಅಂದಾಜು ಹಾಕೋಣ. 70 ಸೀಟಿನ ಎಟಿಆರ್ (ಪ್ರೊಪೆಲ್ಲರ್ ಇರೋ ಸಣ್ಣ ವಿಮಾನ), ದಿನಕ್ಕೆ ಒಂದು ಹೋಗಿ-ಬರೋ ಹಾರಾಟ, ಒಂದು ಹಾರಾಟಕ್ಕೆ 35 ರಿಯಾಯಿತಿ ಸೀಟು. ವರ್ಷಕ್ಕೆ 35 × 2 × 365 = 25,550 ಸೀಟು. ಸೀಟಿಗೆ 2,000 ರೂಪಾಯಿ ವಿಜಿಎಫ್ ಅಂತಿಟ್ಕೊಂಡ್ರೆ 5.11 ಕೋಟಿ. ರಾಜ್ಯದ ಪಾಲು ಸುಮಾರು 1.02 ಕೋಟಿ. 2,000 ಅನ್ನೋದು ಲೆಕ್ಕಕ್ಕೆ ಇಟ್ಟ ಸಂಖ್ಯೆ ಅಷ್ಟೆ, ಬಿಡ್‌ನಲ್ಲಿ ಏನು ಬರುತ್ತೋ ಅದೇ ನಿಜ.

ಇಲ್ಲಿ ಗಮನಿಸಬೇಕಾದ್ದು: ನಾಲ್ಕನೇ ವರ್ಷ ಆ 5 ಕೋಟಿ ಎಲ್ಲಿಂದಲೋ ಬರಬೇಕು. ಟಿಕೆಟ್ ದರ ಏರಿಸಿದ್ರೆ ಜನ ಬರ್ತಾರಾ ಅನ್ನೋದೇ ಪರೀಕ್ಷೆ. ರಸ್ತೆಯಲ್ಲಿ ಆರಾಮಾಗಿ ಹೋಗಬಹುದಾದ ಊರಿಗೆ ಹಾರೋ ಮಾರ್ಗ ಆ ಪರೀಕ್ಷೆಯಲ್ಲಿ ಬೀಳುತ್ತೆ.

ಹೇಮಾವತಿ_ದಂಡೆ
ಹಾಗಾದ್ರೆ ಹಾಸನ–ಬೆಂಗಳೂರು ಬೇಡ ಅಂತೀರಾ ಸರ್? ಎಲ್ಲರೂ ಕೇಳ್ತಿರೋದು ಅದನ್ನೇ.

ರೂಟ್_ಲೆಕ್ಕ
ಬೆಂಗಳೂರು ನಗರಕ್ಕೆ ಹೋಗೋರಿಗೆ ಅದು ಕೂಡಿ ಬರಲ್ಲ. ಮನೆಯಿಂದ ಬೂವನಹಳ್ಳಿಗೆ 20 ನಿಮಿಷ, ಒಂದು ಗಂಟೆ ಮುಂಚೆ ಅಲ್ಲಿರಬೇಕು, ಗೇಟ್‌ನಿಂದ ಗೇಟ್‌ಗೆ 45 ನಿಮಿಷ, ಬ್ಯಾಗ್‌ಗೆ 20 ನಿಮಿಷ, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಒಂದರಿಂದ ಒಂದೂವರೆ ಗಂಟೆ. ಮೂರೂವರೆ ಗಂಟೆ ಆಯ್ತು. ಎನ್‌ಎಚ್ 75ರಲ್ಲಿ ಕಾರು, ಶ್ರವಣಬೆಳಗೊಳ ಮಾರ್ಗದ ರೈಲು ಎರಡೂ ಹತ್ತಿರ ಹತ್ತಿರ ಅಷ್ಟೇ ಹೊತ್ತಲ್ಲಿ, ಕಮ್ಮಿ ದುಡ್ಡಲ್ಲಿ ತಲುಪಿಸ್ತವೆ. 2017ರಲ್ಲಿ ಆ ರೈಲು ಮಾರ್ಗ ಬಂದ ಮೇಲಂತೂ ಈ ವಾದ ಮುಗಿದಂಗೆ.

ಅದೇ ಹಾರಾಟ ದೇವನಹಳ್ಳಿಯಲ್ಲಿ ದಿಲ್ಲಿಗೋ ದುಬೈಗೋ ಹೋಗೋ ವಿಮಾನಕ್ಕೆ ಜೋಡಣೆ ಆದರೆ ಮಾತು ಬೇರೆ. ಒಂದೇ ಟಿಕೆಟ್, ಹಾಸನದಲ್ಲೇ ಬ್ಯಾಗ್ ಹಾಕಿದ್ರೆ ಕೊನೆ ಊರಲ್ಲೇ ತಗೊಳ್ಳೋ ಹಾಗಿರಬೇಕು, ನಡುವೆ ಒಂದೂವರೆ ಎರಡು ಗಂಟೆ ಅಂತರ. ಇದು ದೊಡ್ಡ ಜಾಲ ಇರೋ ಕಂಪನಿಯಿಂದ ಮಾತ್ರ ಸಾಧ್ಯ. ಎರಡು ವಿಮಾನ ಇಟ್ಕೊಂಡಿರೋ ಸಣ್ಣ ಕಂಪನಿ ಕಮ್ಮಿ ವಿಜಿಎಫ್ ಕೇಳಿ ಮಾರ್ಗ ಗೆದ್ದರೂ ಇದನ್ನ ಕೊಡಕ್ಕಾಗಲ್ಲ. ಅದರ ಒಂದು ವಿಮಾನ ರಿಪೇರಿಗೆ ನಿಂತ ದಿನ ನಮ್ಮ ಮಾರ್ಗವೇ ಮೊದಲು ರದ್ದಾಗೋದು.

ನೇರ ಮಾರ್ಗ ಅಂತ ನೋಡಿದ್ರೆ ಆಕಾಶದಲ್ಲಿ ಹೈದರಾಬಾದ್ ಸುಮಾರು 530 ಕಿ.ಮೀ, ಚೆನ್ನೈ 440, ಗೋವಾ 360, ಮುಂಬೈ 760. ಎಟಿಆರ್‌ಗೆ ಹೇಳಿ ಮಾಡಿಸಿದ್ದು ಮೊದಲ ಎರಡು. ಹೈದರಾಬಾದ್‌ಗೆ ರಾತ್ರಿ ಪೂರ್ತಿ ಬಸ್ಸಲ್ಲಿ ಹೋಗೋ ಪ್ರಯಾಣಿಕ ಒಂದೂವರೆ ಗಂಟೆಯಲ್ಲಿ ಹೋಗ್ತಾನೆ ಅಂದ್ರೆ ಪೂರ್ತಿ ದರ ಕೊಡಕ್ಕೂ ತಯಾರಿರ್ತಾನೆ.

ಸಿವಿಲ್_ಸರ್ವೆ
ರನ್‌ವೇ ಉದ್ದದ ಬಗ್ಗೆ ಎಲ್ಲ ಕಡೆ ತಪ್ಪು ಮಾಹಿತಿ ಓಡ್ತಿದೆ. "ಎಟಿಆರ್‌ಗೆ 1,300 ಮೀಟರ್ ಸಾಕು, ಉಳಿದದ್ದು ದುಂದು" ಅಂತ ಒಬ್ಬರು, "ಬೋಯಿಂಗ್ ಇಳಿಯೋ ಹಾಗೆ ಮಾಡಿ" ಅಂತ ಇನ್ನೊಬ್ಬರು. ಲೆಕ್ಕ ಇಲ್ಲಿದೆ, ನೀವೇ ಹಾಕಿ ನೋಡಿ.

1,300 ಅನ್ನೋದು ಸಮುದ್ರಮಟ್ಟದಲ್ಲಿ, 15 ಡಿಗ್ರಿ ತಾಪಮಾನದಲ್ಲಿ, ತುಂಬಿದ ಎಟಿಆರ್ 72ಕ್ಕೆ ಬೇಕಾದ ಉದ್ದ. ಹಾಸನ ಇರೋದು ಸುಮಾರು 970 ಮೀಟರ್ ಎತ್ತರದಲ್ಲಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸೂತ್ರದಂತೆ ಪ್ರತಿ 300 ಮೀಟರ್ ಎತ್ತರಕ್ಕೆ ಶೇ 7 ಸೇರಿಸಬೇಕು. 970ಕ್ಕೆ ಶೇ 22.6. 1,300 ಹೋಗಿ 1,594 ಆಯ್ತು.

ಆಮೇಲೆ ಬಿಸಿಲು. ಆ ಎತ್ತರದಲ್ಲಿ ಪ್ರಮಾಣಿತ ತಾಪಮಾನ 8.7 ಡಿಗ್ರಿ. ಬೇಸಿಗೆಯ ಲೆಕ್ಕಕ್ಕೆ 30 ಡಿಗ್ರಿ ಹಿಡಿದ್ರೆ 21.3 ಡಿಗ್ರಿ ಹೆಚ್ಚು. ಡಿಗ್ರಿಗೆ ಶೇ 1ರಂತೆ ಸೇರಿಸಿದ್ರೆ 1,933. ರನ್‌ವೇ ಇಳಿಜಾರು ಅರ್ಧ ಪರ್ಸೆಂಟ್ ಇದ್ದರೆ ಇನ್ನೂ ಶೇ 5, ಅಂದ್ರೆ 2,030 ಮೀಟರ್. ಎತ್ತರ ಮತ್ತು ಬಿಸಿಲು ಸೇರಿ ಶೇ 35 ದಾಟಿದ್ರೆ ಈ ಸೂತ್ರ ಸಾಲದು, ಆ ಜಾಗಕ್ಕೇ ಪ್ರತ್ಯೇಕ ಅಧ್ಯಯನ ಮಾಡಬೇಕು ಅಂತಲೂ ನಿಯಮ ಇದೆ. ನಮ್ಮಲ್ಲಿ ಅದು ಶೇ 49ರ ಹತ್ತಿರ ಹೋಗುತ್ತೆ. ಹಾಗಾಗಿ ಮೇಲಿನದು ಅಂದಾಜು, ವಿನ್ಯಾಸ ಅಲ್ಲ.

ದೊಡ್ಡ ಜೆಟ್ ವಿಮಾನ ಎ320ಗೆ ಇದೇ ಲೆಕ್ಕ 2,100ರಿಂದ ಶುರು ಮಾಡಿದ್ರೆ 3,280ಕ್ಕೆ ಬಂದು ನಿಲ್ಲುತ್ತೆ. ಶಿವಮೊಗ್ಗದ ಸೋಗಾನೆಯಲ್ಲಿ 3,200 ಮೀಟರ್ ಹಾಕಿದ್ದರ ಹಿಂದಿನ ತರ್ಕ ಇದೇ ಜಾತಿಯದ್ದು. ಒಂದು ಗಂಟೆಯ ಹಾರಾಟಕ್ಕೆ ಇಂಧನ ಕಮ್ಮಿ ಇರುತ್ತೆ, ತೂಕ ಕಮ್ಮಿ, ಅಷ್ಟು ಉದ್ದ ಬೇಕಾಗಲ್ಲ. ಆದರೆ ಉದ್ದ ಸಾಲದಿದ್ದರೆ ಏನಾಗುತ್ತೆ ಅಂದ್ರೆ ಏಪ್ರಿಲ್ ಮಧ್ಯಾಹ್ನ 70 ಸೀಟಿನ ವಿಮಾನ 58 ಜನರನ್ನಷ್ಟೇ ಹತ್ತಿಸಿಕೊಂಡು ಹೊರಡಬೇಕಾಗಬಹುದು. ಆ 12 ಸೀಟು ದಿನಾ ನಷ್ಟ. ಯಾವ ಸಬ್ಸಿಡಿಯೂ ಅದನ್ನ ತುಂಬಲ್ಲ.

ಉದ್ದಕ್ಕಿಂತ ನನಗೆ ಹೆಚ್ಚು ಚಿಂತೆ ಅಗಲದ್ದು. ರನ್‌ವೇ ಪಕ್ಕದ ಸಮತಟ್ಟು ಪಟ್ಟಿಯನ್ನ ಸ್ಟ್ರಿಪ್ ಅಂತೀವಿ. ಕಣ್ಣಿಂದ ನೋಡಿ ಇಳಿಸೋ ರನ್‌ವೇಗೆ ಒಟ್ಟು 150 ಮೀಟರ್ ಸಾಕು. ಉಪಕರಣದ ಸಹಾಯದಿಂದ ಇಳಿಸೋ, 1,800 ಮೀಟರ್‌ಗಿಂತ ಉದ್ದದ ರನ್‌ವೇಗೆ 280 ಬೇಕು, ಅಂದ್ರೆ ಮಧ್ಯದ ಗೆರೆಯಿಂದ ಆ ಕಡೆ 140, ಈ ಕಡೆ 140. ಶುರುವಿನಲ್ಲಿ ದುಡ್ಡು ಉಳಿಸೋಣ ಅಂತ 75 ಮೀಟರ್‌ಗೇ ಕಾಂಕ್ರೀಟ್ ಚರಂಡಿ ಕಟ್ಟಿಬಿಟ್ಟರೆ ಮುಂದೆ ಅದನ್ನ ಒಡೆಯೋ ಖರ್ಚು ಕಟ್ಟಿದ್ದಕ್ಕಿಂತ ಜಾಸ್ತಿ. ಎರಡು ತುದಿಗಳಲ್ಲೂ 60 ಮೀಟರ್ ಸ್ಟ್ರಿಪ್, ಅದರಾಚೆ 240 ಮೀಟರ್ ಸುರಕ್ಷತಾ ಜಾಗ. ಇವೆಲ್ಲ ಡಾಂಬರು ಕಾಣದ ಮಣ್ಣು, ಆದ್ದರಿಂದಲೇ ಮೊದಲು ಕತ್ತರಿ ಬೀಳೋದು ಇವಕ್ಕೇ.

ಮುಂಗಾರು_ಮೋಡ
ಸಿವಿಲ್ ಸರ್ ಹೇಳಿದ 280 ಮೀಟರ್ ಯಾಕೆ ಮುಖ್ಯ ಅಂತ ಹವಾಮಾನದ ಕಡೆಯಿಂದ ಹೇಳ್ತೀನಿ.

ಕಣ್ಣಿಂದ ನೋಡಿ ಇಳಿಸೋ ಲೈಸೆನ್ಸ್ ಇದ್ದರೆ 5 ಕಿ.ಮೀ ದೂರ ಕಾಣಬೇಕು, ಮೋಡದ ತಳ 1,500 ಅಡಿಗಿಂತ ಮೇಲಿರಬೇಕು. ಹಾಸನದಲ್ಲಿ ಡಿಸೆಂಬರ್–ಜನವರಿ ಬೆಳಿಗ್ಗೆ ಆರೂವರೆಗೆ ರಿಂಗ್ ರೋಡಲ್ಲಿ ಮುಂದಿನ ಲಾರಿಯ ಹಿಂಬದಿ ದೀಪ ಕಂಡರೆ ಹೆಚ್ಚು. ಜೂನ್‌ನಿಂದ ಆಗಸ್ಟ್‌ವರೆಗೆ ಸಕಲೇಶಪುರದ ಕಡೆಯಿಂದ ಬರೋ ಮೋಡ ತಲೆ ಮೇಲೇ ಕೂತಿರುತ್ತೆ. ಶಿವಮೊಗ್ಗದಲ್ಲೂ ಮಂಜು-ಮೋಡಕ್ಕೆ ವಿಮಾನ ರದ್ದಾಗಿದ್ದು, ಬೇರೆಡೆಗೆ ತಿರುಗಿಸಿದ್ದು ಉಂಟು.

ತಿರುಗಿಸಿದ ಪ್ರತಿ ಹಾರಾಟದಲ್ಲೂ ಏನಾಗುತ್ತೆ ನೋಡಿ. ಇಳಿಯಬೇಕಾದ 70 ಜನ ಬೆಂಗಳೂರಲ್ಲಿ ಇಳೀತಾರೆ, ಬಸ್ ಹುಡುಕಬೇಕು. ಹಾಸನದಲ್ಲಿ ಕಾಯ್ತಿರೋ 70 ಜನ ವಾಪಸ್ ಹೋಗ್ತಾರೆ. ವಾರಕ್ಕೆ ಎರಡು ಸಲ ಹೀಗಾದ್ರೆ ಕೆಲಸದ ಮೇಲೆ ಓಡಾಡೋನು ಮತ್ತೆ ಬುಕ್ ಮಾಡಲ್ಲ, ಅವನೇ ಪೂರ್ತಿ ದರ ಕೊಡೋ ಗಿರಾಕಿ.

ಪರಿಹಾರ ಮೂರು. ಐಎಲ್‌ಎಸ್ (ರೇಡಿಯೋ ಸಂಕೇತದಿಂದ ರನ್‌ವೇಗೆ ದಾರಿ ತೋರಿಸೋ ಉಪಕರಣ) ಹಾಕಿದ್ರೆ ಮೊದಲ ದರ್ಜೆಯಲ್ಲಿ 550 ಮೀಟರ್ ಕಂಡರೂ ಇಳಿಸಬಹುದು. ಆದರೆ ಉಪಕರಣ, ಅದರ ಆಂಟೆನಾ ಸುತ್ತ ಸಮತಟ್ಟು ಜಾಗ, ಕಾಲಕಾಲಕ್ಕೆ ವಿಮಾನ ಹಾರಿಸಿ ತಪಾಸಣೆ, ಎಲ್ಲಕ್ಕೂ ಖರ್ಚಿದೆ. ಎರಡನೇದು ಗಗನ್ ಉಪಗ್ರಹ ವ್ಯವಸ್ಥೆಯ ಎಲ್‌ಪಿವಿ ಇಳಿಕೆ, ಅಂದ್ರೆ ಉಪಗ್ರಹದ ಸಂಕೇತ ಹಿಡಿದು ಇಳಿಸೋದು. ನೆಲದ ಮೇಲೆ ಐಎಲ್‌ಎಸ್ ಆಂಟೆನಾ ಬೇಕಿಲ್ಲ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಎಟಿಆರ್ ಇದೇ ರೀತಿ ಇಳಿದು ತೋರಿಸಿತು. ಸುತ್ತಲಿನ ಗುಡ್ಡ, ಟವರ್, ಮರಗಳ ನಿಖರ ಸರ್ವೆ ಆಗಬೇಕು, ವಿಮಾನ ನಿಲ್ದಾಣ ಪ್ರಾಧಿಕಾರ ಇಳಿಕೆ ಮಾರ್ಗ ರಚಿಸಬೇಕು, ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಬೇಕು, ಆಮೇಲೆ 28 ದಿನಕ್ಕೊಮ್ಮೆ ಬರೋ ವಿಮಾನಯಾನ ಮಾಹಿತಿ ಪ್ರಕಟಣೆಯಲ್ಲಿ ಸೇರಬೇಕು. ಕಾಮಗಾರಿ ನಡೀವಾಗಲೇ ಈ ಸರ್ವೆ ಶುರು ಮಾಡಿದ್ರೆ ಉದ್ಘಾಟನೆ ಹೊತ್ತಿಗೆ ಸಿಗುತ್ತೆ. ಗಗನ್ ಅನ್ನೋದು ಇಸ್ರೋ ಮತ್ತು ಪ್ರಾಧಿಕಾರ ಸೇರಿ ಮಾಡಿದ್ದು. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇರೋ ಊರಿಗೆ ಅದರ ಪ್ರಯೋಜನ ಮೊದಲ ದಿನವೇ ಸಿಗಬೇಕು ಅನ್ನೋದು ನನ್ನ ಹಂಬಲ.

ಮೂರನೇದಕ್ಕೆ ಒಂದು ರೂಪಾಯಿಯೂ ಬೇಡ: ಚಳಿಗಾಲದ ವೇಳಾಪಟ್ಟಿಯಲ್ಲಿ ಮೊದಲ ವಿಮಾನವನ್ನ ಬೆಳಿಗ್ಗೆ ಹತ್ತೂವರೆ ಮೇಲೆ ಇಡಿ.

ಅಗ್ನಿ_ಠಾಣೆ
ರಾಜ್ಯ ಉಚಿತವಾಗಿ ಕೊಡಬೇಕಾದ ಅಗ್ನಿಶಾಮಕ ಸೇವೆ ಬಗ್ಗೆ ಚಿಕ್ಕದಾಗಿ. ಎಟಿಆರ್ 72 ಉದ್ದ 27 ಮೀಟರ್ ಚಿಲ್ಲರೆ, ಅಗ್ನಿಶಾಮಕ ಲೆಕ್ಕದಲ್ಲಿ ಅದು 5ನೇ ವರ್ಗ. ಒಂದು ಕ್ರ್ಯಾಶ್ ಟೆಂಡರ್ (ವಿಮಾನ ನಿಲ್ದಾಣದ ಅಗ್ನಿಶಾಮಕ ಗಾಡಿ), ಬಿ ದರ್ಜೆ ಫೋಮ್‌ಗೆ 5,400 ಲೀಟರ್ ನೀರು, ನಿಮಿಷಕ್ಕೆ 3,000 ಲೀಟರ್ ಚಿಮ್ಮಿಸೋ ಸಾಮರ್ಥ್ಯ. ಎ320 ಆದ್ರೆ 6ನೇ ವರ್ಗ: ಎರಡು ಗಾಡಿ, 7,900 ಲೀಟರ್. ಸೈರನ್ ಆದಾಗಿಂದ ಮೂರು ನಿಮಿಷದ ಒಳಗೆ ರನ್‌ವೇಯ ಯಾವ ತುದಿಗಾದರೂ ತಲುಪಿ ಫೋಮ್ ಹೊಡೀಬೇಕು, ಗುರಿ ಎರಡು ನಿಮಿಷ.

ನಿಯಮಕ್ಕೆ ಒಂದೇ ಗಾಡಿ ಸಾಕು ಅಂತ ಒಂದೇ ತರೋದು ದೊಡ್ಡ ತಪ್ಪು. ಅದರ ಪಂಪಿನ ಸೀಲ್ ಹೋಗಿ ಗಾಡಿ ನಿಂತರೆ ನಿಲ್ದಾಣದ ವರ್ಗವೇ ಕೆಳಗಿಳಿಯುತ್ತೆ, ಆವತ್ತಿನ ವಿಮಾನ ಬರೋ ಹಾಗಿಲ್ಲ. ಬಿಡಿಭಾಗ ಹೊರದೇಶದಿಂದ ಬರಬೇಕಾದ್ರೆ ವಾರಗಟ್ಟಲೆ. ಎರಡನೇ ಗಾಡಿ ಮೊದಲ ಖರೀದಿಯ ಟೆಂಡರ್‌ನಲ್ಲೇ ಸೇರಬೇಕು. ತರಬೇತಿ ಪಡೆದ ಸಿಬ್ಬಂದಿಯನ್ನ ವರ್ಗಾವಣೆ ಮಾಡಿ ಪಟ್ಟಣದ ಠಾಣೆಗೆ ಕಳಿಸದ ಹಾಗೆ ಆದೇಶವೂ ಬೇಕು.

ಕ್ಯೂರಿಂಗ್_ಯಾರ್ಡ್
ಕಾಫಿ ವಿಮಾನದಲ್ಲಿ ಹೋಗುತ್ತೆ, ಬೆಳೆಗಾರರಿಗೆ ಒಳ್ಳೆ ಬೆಲೆ ಬರುತ್ತೆ ಅಂತ ಭಾಷಣಗಳಲ್ಲಿ ಕೇಳಿ ಕೇಳಿ ಬೇಸರ ಆಗಿದೆ. ದಯವಿಟ್ಟು ಇದನ್ನ ನಂಬಿ ಯಾರೂ ಲೆಕ್ಕ ಹಾಕಬೇಡಿ. ಕ್ಯೂರಿಂಗ್ ಆದ ಕಾಫಿ ಬೀಜ 20 ಅಡಿ ಕಂಟೇನರ್‌ಗೆ ಸುಮಾರು 19–20 ಟನ್ ತುಂಬಿ ಮಂಗಳೂರು, ಕೊಚ್ಚಿ ಬಂದರಿಂದ ಹಡಗಲ್ಲಿ ಹೋಗೋ ಸರಕು. ಪ್ರಯಾಣಿಕರು ತುಂಬಿದ ಎಟಿಆರ್‌ನಲ್ಲಿ ಸರಕಿಗೆ ಉಳಿಯೋದು ಒಂದು ಟನ್ ಆಸುಪಾಸು. ಒಂದು ಕಂಟೇನರ್ ಕಾಫಿಗೆ ಇಪ್ಪತ್ತು ಹಾರಾಟ ಬೇಕು. ಕಾಫಿಗೆ ಬೇಕಾಗಿರೋದು ಮಳೆಗಾಲದಲ್ಲಿ ಕುಸಿಯದ ಶಿರಾಡಿ ಘಾಟ್.

ವಿಮಾನದಿಂದ ಕಾಫಿಗೆ ಆಗೋ ಉಪಕಾರ ಬೇರೆ ಥರ. ವಿದೇಶದ ಖರೀದಿದಾರ ತೋಟ ನೋಡಿ, ಕಪ್ಪಿಂಗ್ (ಕಾಫಿಯ ರುಚಿ ಪರೀಕ್ಷೆ) ಮಾಡಿ, ಮಾರನೇ ದಿನ ವಾಪಸ್ ಹೋಗೋ ಹಾಗಿದ್ರೆ ಅವನು ಬರ್ತಾನೆ. ಸ್ಪೆಷಾಲಿಟಿ ಕಾಫಿಯಲ್ಲಿ ಈ ಭೇಟಿಯೇ ವ್ಯಾಪಾರ. ಸರಕು ಅಂತ ಹೋದರೆ ಆಂಥೂರಿಯಂ ಥರದ ಹೂವು, ಔಷಧಿ, ಯಂತ್ರದ ತುರ್ತು ಬಿಡಿಭಾಗ, ಗಾರ್ಮೆಂಟ್ಸ್ ಸ್ಯಾಂಪಲ್. ಬೆಲೆ ಜಾಸ್ತಿ, ತೂಕ ಕಮ್ಮಿ. ಇದಕ್ಕೆ ದೊಡ್ಡ ಕಾರ್ಗೋ ಕಟ್ಟಡ ಬೇಡ. ಒಂದು ಎಕ್ಸ್‌ರೇ ಯಂತ್ರ, ತೂಕದ ಯಂತ್ರ, 10 × 10 ಅಡಿ ಶೀತಲ ಕೋಣೆ, ಸರಕು ತಪಾಸಣೆಗೆ ಅನುಮತಿ ಪಡೆದ ಸಿಬ್ಬಂದಿ ಸಾಕು. ಆಲೂಗಡ್ಡೆ ಅಂತೂ ಲಾರಿಯದ್ದೇ.

ಕೈಮರ_ತಿರುವು
ಚಿಕ್ಕಮಗಳೂರಿನವರ ಪರವಾಗಿ ಒಂದು ಮಾತು ಅಣ್ಣ. ನಮಗೂ ಸಣ್ಣ ಏರ್‌ಸ್ಟ್ರಿಪ್ ಆಗಬೇಕು ಅನ್ನೋ ಬೇಡಿಕೆ ಇದೆ. ಪ್ರವಾಸಿಗರು ಬರೋದು ಇಲ್ಲಿಗೆ: ಮುಳ್ಳಯ್ಯನಗಿರಿ, ಶೃಂಗೇರಿ, ಹೊರನಾಡು. ಹಾಸನದಲ್ಲಿ ಇಳಿದು 60 ಕಿ.ಮೀ ಬರಲಿ ಅಂದ್ರೆ ಹೇಗೆ?

ರೂಟ್_ಲೆಕ್ಕ
ಕೈಮರ, ನಿಮ್ಮ ಬೇಡಿಕೆ ತಪ್ಪಲ್ಲ. ಆದರೆ ಕಿರು ಏರ್‌ಸ್ಟ್ರಿಪ್‌ನಲ್ಲಿ ಇಳಿಯೋದು 9–19 ಸೀಟಿನ ವಿಮಾನ, ಬಾಡಿಗೆ ವಿಮಾನ, ಆಂಬುಲೆನ್ಸ್ ವಿಮಾನ. ಆ ಕೆಲಸಕ್ಕೆ ಅದು ಒಳ್ಳೇದೇ. ದಿನಾ ಓಡೋ 70 ಸೀಟಿನ ಸೇವೆ ಅಲ್ಲಿಗೆ ಬರಲ್ಲ. ನಿಮಗೆ ಉತ್ತರಕ್ಕೆ ಶಿವಮೊಗ್ಗ ಹತ್ತಿರ ಹತ್ತಿರ 95 ಕಿ.ಮೀ, ದಕ್ಷಿಣಕ್ಕೆ ಹಾಸನ 60. ಮೂರೂ ಕಡೆ ದೊಡ್ಡ ನಿಲ್ದಾಣ ಕಟ್ಟಿದ್ರೆ ಒಂದೇ ಊರಿನ ಪ್ರಯಾಣಿಕರನ್ನ ಮೂರು ಪಾಲು ಮಾಡಿಕೊಂಡು ಮೂರೂ ನಷ್ಟದಲ್ಲಿರ್ತವೆ.

ನಿಮ್ಮೂರು ಕೇಳಬೇಕಾದ್ದು ಬಸ್. ಬೆಂಗಳೂರು ನಿಲ್ದಾಣದಿಂದ ಮೈಸೂರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಓಡೋ ಹಾಗೆ ಬೂವನಹಳ್ಳಿಯಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಒಂದು, ಸಕಲೇಶಪುರಕ್ಕೆ ಒಂದು. ವಿಮಾನ ಇಳಿದ 30 ನಿಮಿಷಕ್ಕೆ ಹೊರಡಬೇಕು, ವಿಮಾನ ತಡ ಆದರೆ ಬಸ್ಸೂ ಕಾಯಬೇಕು, ವಿಮಾನ ಬೆಂಗಳೂರಿಗೆ ತಿರುಗಿದ್ರೆ ಬಸ್ ವ್ಯವಸ್ಥೆ ಅಲ್ಲಿಂದ ಆಗಬೇಕು. ಒಂದು ವರ್ಷ ಎರಡು ಬಸ್ಸು ಖಾಲಿ ಓಡಿಸೋ ಖರ್ಚು ವಿಜಿಎಫ್ ಮುಂದೆ ಅತ್ಯಲ್ಪ. ಹೊಯ್ಸಳ ದೇಗುಲಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಬೇಲೂರು-ಹಳೇಬೀಡಿಗೆ ಬರೋರು ಈಗಲೂ ಬೆಂಗಳೂರಿಂದ ಒಂದೇ ದಿನಕ್ಕೆ ಬಂದು ಹೋಗ್ತಾರೆ. ಅವರು ಒಂದು ರಾತ್ರಿ ಇಲ್ಲೇ ಉಳಿದ್ರೆ ಮಾತ್ರ ಹೋಟೆಲ್, ಟ್ಯಾಕ್ಸಿ, ಹೋಂಸ್ಟೇಗೆ ದುಡ್ಡು. 2030ಕ್ಕೆ ಮಹಾಮಸ್ತಕಾಭಿಷೇಕ ಬರುತ್ತೆ, ಆ ಹೊತ್ತಿಗೆ ಎಷ್ಟು ವಿಮಾನ ನಿಲ್ಲಿಸೋ ಜಾಗ ಇರಬೇಕು ಅಂತ ಈಗಲೇ ಯೋಚಿಸಬೇಕು.

ಕೈಮರ_ತಿರುವು
ಬಸ್ ವಿಷಯ ಒಪ್ಪಿದೆ. ಆಂಬುಲೆನ್ಸ್ ವಿಮಾನಕ್ಕಾದರೂ ನಮ್ಮ ಏರ್‌ಸ್ಟ್ರಿಪ್ ಬೇಡಿಕೆ ಬಿಡಲ್ಲ.

ಪಂಚಾಯ್ತಿ_ಕಟ್ಟೆ
ನಿಲ್ದಾಣದ ಬೇಲಿಯ ಹೊರಗಿನ ಜನರ ವಿಷಯ ಯಾರೂ ಎತ್ತಿಲ್ಲ.

ಒಂದು, ವಿಮಾನ ನಿಯಮ 91ರ ಪ್ರಕಾರ ನಿಲ್ದಾಣದಿಂದ 10 ಕಿ.ಮೀ ಒಳಗೆ ಬಯಲಲ್ಲಿ ಪ್ರಾಣಿ ಕಡಿಯೋದು, ಕಸ ಸುರಿಯೋದು ನಿಷಿದ್ಧ. ಹದ್ದು, ಕಾಗೆ ಬಂದು ಎಂಜಿನ್‌ಗೆ ಬಡೀತವೆ. ಸಂತೆ ಮಾಳದ ಪಕ್ಕದ ಕೋಳಿ ಅಂಗಡಿಯ ಪುಕ್ಕ-ಕರುಳು ಚರಂಡಿಗೆ ಬೀಳೋ ತನಕ ಇದು ಸರಿಹೋಗಲ್ಲ. ಪಂಚಾಯ್ತಿಗೆ ಮುಚ್ಚಿದ ಡಬ್ಬ, ದಿನಾ ಎತ್ತೋ ಗಾಡಿ, ಅದಕ್ಕೆ ದುಡ್ಡು ಕೊಡದೆ ಬರೀ ನೋಟಿಸ್ ಕೊಟ್ಟರೆ ಅಂಗಡಿಯವನಿಗೂ ಅನ್ಯಾಯ, ವಿಮಾನಕ್ಕೂ ಅಪಾಯ.

ಎರಡು, ಸುತ್ತ 20 ಕಿ.ಮೀ ಒಳಗೆ ಕಟ್ಟಡದ ಎತ್ತರಕ್ಕೆ ನಿರ್ಬಂಧ ಬರುತ್ತೆ. ಬಣ್ಣದ ವಲಯ ನಕ್ಷೆ ತಯಾರಾಗಿ ಪಂಚಾಯ್ತಿ, ನಗರಾಭಿವೃದ್ಧಿ ಪ್ರಾಧಿಕಾರದ ಕೈಗೆ ಬಂದರೆ ನಕ್ಷೆಯ ಮಿತಿಯೊಳಗಿನ ಮನೆಗೆ ಅವರೇ ಪರವಾನಗಿ ಕೊಡಬಹುದು. ನಕ್ಷೆ ಬಾರದಿದ್ದರೆ ಎರಡು ಅಂತಸ್ತಿನ ಮನೆಗೂ ಎನ್‌ಒಸಿ ಅಲೆದಾಟ. ಲೇಔಟ್ ಸೈಟ್ ಕೊಳ್ಳೋರು ರನ್‌ವೇ ತುದಿಯ ನೇರದಲ್ಲಿ ಇದೆಯಾ ಅಂತ ನೋಡಿ ಕೊಳ್ಳಿ.

ಮೂರು, ಜಮೀನು ಕೊಟ್ಟ ಮನೆಯವರಿಗೆ ಕೆಲಸ. ನಿಲ್ದಾಣದಲ್ಲಿ ಹುಲ್ಲು ಕತ್ತರಿಸೋದು, ಹಕ್ಕಿ ಓಡಿಸೋದು, ಲಗೇಜ್ ಲೋಡಿಂಗ್, ಟ್ರಾಲಿ, ಪಾರ್ಕಿಂಗ್ ಎಲ್ಲ ಗುತ್ತಿಗೆಯಲ್ಲಿ ಹೋಗುತ್ತೆ. ಗುತ್ತಿಗೆ ಷರತ್ತಲ್ಲೇ ಇಷ್ಟು ಪಾಲು ಭೂಮಿ ಕೊಟ್ಟವರ ಮನೆಗೆ ಅಂತ ಬರೆಸಬೇಕು. ಟೆಂಡರ್ ಆದ ಮೇಲೆ ಧರಣಿ ಕೂತು ಪ್ರಯೋಜನ ಇಲ್ಲ.

ಹೇಮಾವತಿ_ದಂಡೆ
ಕಟ್ಟೆಯವರಿಗೆ ಧನ್ಯವಾದ. ಮೂರನೇದು ನನ್ನ ಮನಸ್ಸಲ್ಲೂ ಇತ್ತು. ರೂಟ್ ಸರ್, ಮೂಲ ಪ್ರಶ್ನೆಗೆ ಬರೋಣ. ನಾಲ್ಕನೇ ವರ್ಷ?

ರೂಟ್_ಲೆಕ್ಕ
ಬೇರೆಯವರು ಹೇಗೆ ಮಾಡ್ತಾರೆ ಅಂದ್ರೆ, ಅಮೆರಿಕದಲ್ಲಿ 1978ರಲ್ಲಿ ವಿಮಾನಯಾನ ಮುಕ್ತ ಮಾಡಿದಾಗಿಂದ ಸಣ್ಣ ಊರುಗಳಿಗೆ ಸಬ್ಸಿಡಿ ಇದೆ, ಕೊನೆ ದಿನಾಂಕ ಇಲ್ಲ. ಅದಕ್ಕೆ ಬದಲಾಗಿ ಅಳತೆಗೋಲು ಇಟ್ಟರು: ದೊಡ್ಡ ನಿಲ್ದಾಣದಿಂದ 210 ಮೈಲಿ ಒಳಗಿನ ಊರಿಗೆ ಪ್ರಯಾಣಿಕರೊಬ್ಬರಿಗೆ 200 ಡಾಲರ್ ಮೀರಬಾರದು ಅಂತ ಬಹುಕಾಲ ಮಿತಿ ಇತ್ತು, 175 ಮೈಲಿ ಒಳಗಿದ್ದರೆ ದಿನಕ್ಕೆ ಸರಾಸರಿ 10 ಜನ ಹತ್ತಲೇಬೇಕು. ನಮ್ಮಲ್ಲಿ ಅವಧಿ ಇದೆ, ಪ್ರಯಾಣಿಕರ ತಲೆಗೆ ಎಷ್ಟು ಅನ್ನೋ ಅಳತೆಗೋಲು ಕಣ್ಣಿಗೆ ಬೀಳೋ ಹಾಗಿಲ್ಲ.

ಉಡಾನ್‌ನ ಐದನೇ ಸುತ್ತಿನಲ್ಲಿ ಕೆಲವು ಸುಧಾರಣೆ ಬಂದವು. ಮಾರ್ಗ ಸಿಕ್ಕ ನಾಲ್ಕು ತಿಂಗಳಲ್ಲಿ ಹಾರಾಟ ಶುರು ಮಾಡಬೇಕು. ಸತತ ನಾಲ್ಕು ತ್ರೈಮಾಸಿಕ ಶೇ 75ಕ್ಕಿಂತ ಹೆಚ್ಚು ಸೀಟು ತುಂಬಿದ್ರೆ ಆ ಕಂಪನಿಯ ಏಕಸ್ವಾಮ್ಯ ಹೋಗುತ್ತೆ, ಇನ್ನೊಬ್ಬರು ಬರಬಹುದು. ಇದು ನಮಗೆ ಒಳ್ಳೇದು.

ನನ್ನ ಅಭಿಪ್ರಾಯದಲ್ಲಿ ರಾಜ್ಯ ಮೊದಲ ಬಜೆಟ್‌ನಲ್ಲೇ ನಾಲ್ಕು ಮತ್ತು ಐದನೇ ವರ್ಷಕ್ಕೆ ಹಂತ ಹಂತವಾಗಿ ಕಮ್ಮಿಯಾಗೋ ನೆರವು ಘೋಷಿಸಬೇಕು: ನಾಲ್ಕನೇ ವರ್ಷ ವಿಜಿಎಫ್‌ನ ಅರ್ಧ, ಐದನೇ ವರ್ಷ ಕಾಲು, ಆಮೇಲೆ ಸೊನ್ನೆ. ಮೇಲಿನ ಉದಾಹರಣೆಯಲ್ಲಿ ಅದು ಸುಮಾರು 2.55 ಕೋಟಿ, ಆಮೇಲೆ 1.28 ಕೋಟಿ. ನೆರವು ಥಟ್ಟನೆ ನಿಂತಾಗ ಕಂಪನಿ ಮರುದಿನವೇ ವಿಮಾನವನ್ನ ಬೇರೆ ಮಾರ್ಗಕ್ಕೆ ಒಯ್ಯುತ್ತೆ, ಅದಕ್ಕೆ ಬೇರೆ ಕಡೆ ಹೊಸ ವಿಜಿಎಫ್ ಕಾದಿರುತ್ತೆ. ಹಂತ ಹಂತವಾಗಿ ನಿಂತರೆ ದರವನ್ನ ನಿಧಾನಕ್ಕೆ ಏರಿಸಿ ಗಿರಾಕಿ ಉಳಿಸಿಕೊಳ್ಳಕ್ಕೆ ಸಮಯ ಸಿಗುತ್ತೆ. ಜೊತೆಗೆ ಪ್ರತಿ ತಿಂಗಳು ಮೂರು ಸಂಖ್ಯೆ ನಿಲ್ದಾಣದ ಬಾಗಿಲಲ್ಲಿ ಹಾಕಲಿ: ಎಷ್ಟು ಹಾರಾಟ ರದ್ದು, ಎಷ್ಟು ಸೀಟು ತುಂಬಿದ್ವು, ಒಬ್ಬ ಪ್ರಯಾಣಿಕರಿಗೆ ಸರ್ಕಾರ ಕೊಟ್ಟಿದ್ದೆಷ್ಟು.

ಸಿವಿಲ್_ಸರ್ವೆ
ಇದಕ್ಕೊಂದು ಸೇರಿಸ್ತೀನಿ. ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ 25 ವರ್ಷ, 150 ಕಿ.ಮೀ ಒಳಗೆ ಬೇರೆ ಅಂತರರಾಷ್ಟ್ರೀಯ ನಿಲ್ದಾಣ ಬರಬಾರದು ಅನ್ನೋ ಷರತ್ತಿದೆ. ಅದರಲ್ಲೇ ಮೈಸೂರು ಮತ್ತು ಹಾಸನಕ್ಕೆ ಹೆಸರು ಹೇಳಿ ವಿನಾಯಿತಿ ಕೊಟ್ಟಿದ್ದಾರೆ. "ಒಪ್ಪಂದ ಅಡ್ಡ ಬರುತ್ತೆ" ಅಂತ ಯಾರಾದರೂ ಹೇಳಿದ್ರೆ ಆ ಸಾಲು ತೋರಿಸಿ. ಅಡ್ಡ ಬರೋದಿದ್ದರೆ ನಾವೇ ಕಟ್ಟಿಕೊಂಡ ಚರಂಡಿ ಅಡ್ಡ ಬರಬೇಕು.

ಅದಕ್ಕೇ ಒಂದು ಕೆಲಸ ಮಾಡೋಣ. ಲೋಕೋಪಯೋಗಿ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಮೂರು ನಕ್ಷೆ ಕೇಳಿ: ರನ್‌ವೇಯ ಅಡ್ಡ ಸೀಳು ನಕ್ಷೆ, ಮಳೆನೀರು ಚರಂಡಿ ನಕ್ಷೆ, ಎರಡೂ ತುದಿಯ ಗಡಿ ನಕ್ಷೆ. ಮಧ್ಯದ ಗೆರೆಯಿಂದ ಚರಂಡಿಯ ಅಂಚಿಗೆ ಎಷ್ಟು ಮೀಟರ್ ಅಂತ ಸ್ಕೇಲ್ ಇಟ್ಟು ಅಳೆಯಿರಿ. 140ಕ್ಕಿಂತ ಕಮ್ಮಿ ಬಂದ ಜಾಗ ಇದ್ದರೆ ಚೈನೇಜ್ ಸಂಖ್ಯೆ (ರನ್‌ವೇ ಉದ್ದಕ್ಕೆ ಎಷ್ಟನೇ ಮೀಟರ್ ಅನ್ನೋದು) ಸಮೇತ ಇಲ್ಲಿ ಹಾಕಿ. ಕಾಂಕ್ರೀಟ್ ಬೀಳೋ ಮುಂಚೆ ಅದನ್ನ ಬದಲಾಯಿಸೋದು ಕಾಗದದ ಕೆಲಸ ಅಷ್ಟೆ.

ಹೇಮಾವತಿ_ದಂಡೆ
ಅರ್ಜಿ ನಾನು ಬರೀತೀನಿ ಸರ್. ಸೋಮವಾರ ಕೊಡ್ತೀನಿ. ಅಗ್ನಿಶಾಮಕ ಗಾಡಿ ಎಷ್ಟು ಖರೀದಿ ಅನ್ನೋದನ್ನೂ ಅದರಲ್ಲೇ ಸೇರಿಸ್ತೀನಿ.